ಮಂಗಳವಾರದ ಸದ್ದು

ಮೊದಲು ರಾಕರ್‌ಗಳು ಬದಲಾದವು, ಆಮೇಲೆ ಪುಶ್‌ರಾಡ್‌ಗಳು, ಕೊನೆಗೆ ಲಿಫ್ಟರ್‌ಗಳು. ಎಂಜಿನ್ನಿನೊಳಗಿನ ಈ ಬದಲಾವಣೆಯೆಲ್ಲ ನಡೆದದ್ದು ದೀಪಾವಳಿಯ ಹಿಂದಿನ ವಾರ, ಹುಣಸೂರಿನ ಗ್ಯಾರೇಜೊಂದರಲ್ಲಿ. ಅಲ್ಲಿಂದ ಮುಂದೆ ವೀರನಹೊಸಹಳ್ಳಿಯ ಮಹದೇವಪ್ಪನವರ ಜೀಪಿನ ವಾರ ಹೀಗೆ ಉರುಳತೊಡಗಿತು: ಬುಧವಾರದಿಂದ ಭಾನುವಾರದವರೆಗೆ ಸದ್ದಿಲ್ಲದ ಓಟ, ಸೋಮವಾರ ಅದಕ್ಕೆ ರಜೆ, ಮಂಗಳವಾರ ಸೂರ್ಯ ಹುಟ್ಟಿದ ಕೂಡಲೇ, ತಗಡಿನ ಡಬ್ಬಕ್ಕೆ ಕಲ್ಲು ತುಂಬಿ ಕುಲುಕಿದಂಥ ಗದ್ದಲ.

ಜೀಪನ್ನು ಓಡಿಸುತ್ತಿದ್ದವಳು ಮಹದೇವಪ್ಪನವರ ಮಗಳು ಪುಷ್ಪಾ. ಭೌತಶಾಸ್ತ್ರದಲ್ಲಿ ಪದವಿ ಪಡೆದವಳು. ಎಂಜಿನ್ನಿನ ಬಗ್ಗೆ ಮಾತನಾಡುವ ಸುತ್ತಮುತ್ತಲ ಜನರನ್ನು ಅವಳು ಎರಡು ಬಗೆಯಾಗಿ ವಿಂಗಡಿಸಿದ್ದಳು: ತಮಗೆ ಗೊತ್ತಿಲ್ಲವೆಂಬುದು ಗೊತ್ತಿಲ್ಲದೆ ಮಾತನಾಡುವವರು, ಮತ್ತು ಗೊತ್ತಿಲ್ಲವೆಂಬುದು ಗೊತ್ತಿದ್ದೂ ಮಾತನಾಡುವವರು. ಮೊದಲನೆಯ ಬಗೆಯವರನ್ನು ಅವಳು ಕ್ಷಮಿಸುತ್ತಿದ್ದಳು. ಅಣ್ಣ ಬಸವಪ್ರಸಾದ ಎರಡನೆಯ ಬಗೆಗೆ ಸೇರಿದವನು.

ಜೀಪು ಅವಳ ಪಾಲಿಗೆ ಬರೀ ಜೀಪಾಗಿರಲಿಲ್ಲ. ಕಾಡಂಚಿನ ರೆಸಾರ್ಟೊಂದು ಹಕ್ಕಿ ನೋಡುವ ಅತಿಥಿಗಳನ್ನು ಬೆಳಗಿನ ಹೊತ್ತು ಕೆರೆಯ ದಂಡೆಗೆ ಕರೆದೊಯ್ಯುವ ಕೆಲಸವನ್ನು ಅವಳಿಗೆ ಪರೀಕ್ಷಾರ್ಥವಾಗಿ ಕೊಟ್ಟಿತ್ತು. ಕಾರ್ತಿಕ ಮಾಸ ಮುಗಿಯುವುದರೊಳಗೆ ಕೆಲಸ ಖಾಯಂ ಆದರೆ ಜೀಪು ಅವಳದು. ಆಗದಿದ್ದರೆ ಅದು ಬಸವಪ್ರಸಾದನ ಕೈಗೆ ಹೋಗಿ, ಕಟ್ಟೆಮಳಲವಾಡಿಯ ಹರಾಜಿಗೆ ಹೊಗೆಸೊಪ್ಪಿನ ಬೇಲುಗಳನ್ನು, ಎಂದರೆ ಒತ್ತಿ ಕಟ್ಟಿದ ಹೊರೆಗಳನ್ನು, ಹೊರಬೇಕು. ಮಹದೇವಪ್ಪನವರು ಹಾಗೆಂದು ತೀರ್ಪು ಕೊಟ್ಟಾಗಿತ್ತು. ಜೀಪು ಕೈತಪ್ಪುವುದು ಒಂದು ದುಃಖ, ಅದು ಅಣ್ಣನ ಕೈ ಸೇರುವುದು ಬೇರೆಯೇ ದುಃಖ. ಎರಡನೆಯದನ್ನು ಸಹಿಸುವ ಶಕ್ತಿ ತನಗಿಲ್ಲವೆಂದು ಪುಷ್ಪಾ ಸ್ಪಷ್ಟವಾಗಿ ಅರಿತಿದ್ದಳು.

ತೊಂದರೆಯೆಲ್ಲ ಸದ್ದಿನದು. ಜೀಪಿನಲ್ಲಿದ್ದದ್ದು ಹಳೆಯ ಆವೃತ್ತಿಯ ಎಂಜಿನ್. ಅದರ ವಾಲ್ವುಗಳನ್ನು ತೆರೆಯುವ ರಾಕರ್, ಪುಶ್‌ರಾಡ್ ಮುಂತಾದ ಕಬ್ಬಿಣದ ಬಿಡಿಭಾಗಗಳ ನಡುವೆ ಕೂದಲೆಳೆಯಷ್ಟು ಬಿಡುವು ಇರಲೇಬೇಕು. ಪ್ರತಿ ಸುತ್ತಿನಲ್ಲೂ ಆ ಬಿಡುವನ್ನು ದಾಟಿ ಕಬ್ಬಿಣ ಕಬ್ಬಿಣಕ್ಕೆ ಬಡಿದಾಗ ‘ಟಕ್’ ಎನ್ನುತ್ತದೆ. ಜೀಪು ಕೆರೆಯ ಏರಿ ಹತ್ತುವ ಮೊದಲೇ ಹಕ್ಕಿಗಳು ಆಚೆ ದಂಡೆ ಸೇರುತ್ತಿದ್ದವು. ಅದೇ ಎಂಜಿನ್ನಿನ ಹೊಸ ಆವೃತ್ತಿಯಲ್ಲಿ ಈ ಬಿಡುವೇ ಇಲ್ಲ. ಅಲ್ಲಿ ಲಿಫ್ಟರ್ ಎಂಬ ಪುಟ್ಟ ಲೋಟದಂಥ ಭಾಗದೊಳಗೆ ಎಣ್ಣೆ ತುಂಬಿಕೊಂಡು ಸಂದನ್ನು ತಾನೇ ಮುಚ್ಚುತ್ತದೆ; ಬಡಿಯಲು ಜಾಗವಿಲ್ಲದ ಮೇಲೆ ಸದ್ದೂ ಇಲ್ಲ. ಹೊಸದರ ಭಾಗಗಳನ್ನು ಹಳೆಯದಕ್ಕೆ ಹಾಕಬಹುದೆಂದು ಹೇಳಿದವನು ಗ್ಯಾರೇಜಿನ ಕಿರಣ್‌ಕುಮಾರ್. ಹೇಳಿದವನು ಪೆದ್ದನಾದ ಮಾತ್ರಕ್ಕೆ ಹೇಳಿದ್ದು ತಪ್ಪಾಗಬೇಕಿಲ್ಲ ಎಂಬ ನ್ಯಾಯಬುದ್ಧಿ ಪುಷ್ಪಾಳಿಗಿದ್ದುದರಿಂದ, ಅವಳು ಎರಡೂ ಆವೃತ್ತಿಗಳ ಅಳತೆಗಳನ್ನು ತಾಳೆ ನೋಡಿ, ಎಣ್ಣೆಯ ದಾರಿ ಲಿಫ್ಟರಿನವರೆಗೆ ತಲುಪುತ್ತದೆಯೇ ಎಂದು ತಂತಿ ತೂರಿಸಿ ಪರೀಕ್ಷಿಸಿ, ಒಪ್ಪಿಗೆ ಕೊಟ್ಟಿದ್ದಳು.

ಜೋಡಿಸುವ ದಿನ ಅವಳು ಪಕ್ಕದಲ್ಲೇ ನಿಂತಿದ್ದಳು. ಕಿರಣ್‌ಕುಮಾರ್ ಜೇಬಿನಿಂದ ಹೊಗೆಸೊಪ್ಪಿನ ಬೇಲುಗಳಿಗೆ ಕಟ್ಟುವ ರಟ್ಟಿನ ಚೀಟಿಯೊಂದನ್ನು ತೆಗೆದು ರಾಕರಿನ ಕೆಳಗೆ ತೂರಿಸಿದ. ಸಂದು ಅಳೆಯಲು ಆ ಗ್ಯಾರೇಜಿನಲ್ಲಿ ಅದೇ ಸಾಧನ. ಅವನ ಗುರುವೂ ಅದನ್ನೇ ಬಳಸುತ್ತಿದ್ದನಂತೆ.

“ಅದೇನದು?” ಎಂದಳು ಪುಷ್ಪಾ.

“ಗ್ಯಾಪು ನೋಡ್ತಾವ್ನಿ ಕಣಕ್ಕ. ಎಳುದಾಗ ಚೀಟಿ ಬಿಗಿಯಾಗಿ ಬಂದ್ರೆ ಕರೆಕ್ಟು ಅಂತ.”

“ಇದರಲ್ಲಿ ಗ್ಯಾಪು ಇರಬಾರದು ಅಂತ ತಾನೆ ಇಷ್ಟೆಲ್ಲ ಬದಲಾಯಿಸ್ತಿರೋದು?”

ಕಿರಣ್‌ಕುಮಾರ್ ಚೀಟಿಯನ್ನು ನೋಡಿದ, ರಾಕರನ್ನು ನೋಡಿದ, ಮತ್ತೆ ಚೀಟಿಯನ್ನು ನೋಡಿದ.

“ಅದೂ ಸರಿಯೇ ಅನ್ನಿ. ಆದ್ರೂ ಒಂದು ಅಭ್ಯಾಸ ಅಂತ ಇರ್ತದಲ್ಲಕ್ಕ.”

ಅವಳು ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಉಳಿದದ್ದನ್ನು ತಾನೇ ಬಿಗಿದಳು. ಅವನಿಗೆ ಅವಮಾನವೇನೂ ಆಗಲಿಲ್ಲ. ಅವಮಾನವಾಗುವುದಕ್ಕೂ ಒಂದಿಷ್ಟು ತಿಳಿವಳಿಕೆ ಬೇಕೆಂದುಕೊಂಡಳು ಅವಳು.

ಬುಧವಾರ ಜೀಪು ಬೆಣ್ಣೆಯ ಮೇಲೆ ಚಾಕು ಜಾರಿದಂತೆ ಹೊರಟಿತು. ರೆಸಾರ್ಟಿನ ಮ್ಯಾನೇಜರ್ ಲಿಂಗರಾಜು ಕಿವಿಯಾನಿಸಿ ಕೇಳಿ, ತಲೆದೂಗಿ, ಹೊಸ ಅತಿಥಿಗಳ ತಂಡವನ್ನೇ ಅವಳಿಗೆ ಒಪ್ಪಿಸುವುದಾಗಿ ಹೇಳಿದ. ಹೊಸ ತಂಡಗಳು ಸೋಮವಾರ ಸಂಜೆ ಬಂದಿಳಿಯುತ್ತಿದ್ದವು. ಅವರ ಮೊದಲ ಸವಾರಿ ಮಂಗಳವಾರ ಬೆಳಗ್ಗೆ.

ಆ ಮಂಗಳವಾರ ಎಂಜಿನ್ ಹಳೆಯ ಗದ್ದಲವನ್ನೂ ಮೀರಿಸಿ ಬಡಿದುಕೊಂಡಿತು. ಕೆರೆ ತಲುಪಿದಾಗ ನೀರಿತ್ತು, ಹಕ್ಕಿಯಿರಲಿಲ್ಲ. ಮುಂದಿನ ಮಂಗಳವಾರವೂ ಅದೇ ಕತೆ. ಎರಡೂ ಸಲ ವಾಪಸು ಬರುವ ಹೊತ್ತಿಗೆ ಸದ್ದು ತಾನಾಗಿ ಅಡಗಿತ್ತು. ಮೌನವಾದ ಜೀಪನ್ನು ಕಿರಣ್‌ಕುಮಾರನ ಮುಂದೆ ನಿಲ್ಲಿಸಿದಾಗ ಅವನು ಬಾನೆಟ್ಟಿನ ಮೇಲೆ ಕೈಯಾಡಿಸಿ, “ಎಲ್ಲೈತಕ್ಕ ಸೌಂಡು? ಪಾರ್ಟು ಒಸದು, ಸೆಟ್ ಆಗ್ಬೇಕು, ಅಷ್ಟೆಯ,” ಎಂದ.

“ಮಂಗಳವಾರ ಮಾತ್ರ ಸೆಟ್ ಆಗಲ್ವಾ?”

“ಒಂದೊಂದು ಗಾಡಿ ಅಂಗೇ ಕಣಕ್ಕ.”

ಊರಿನ ಹೋಟೆಲಿನಲ್ಲಿ ಬಸವಪ್ರಸಾದ ಇದಕ್ಕಿಂತ ಘನವಾದ ಸಿದ್ಧಾಂತವೊಂದನ್ನು ಮಂಡಿಸಿದ್ದ. ಪುಷ್ಪಾ ಹಾಲು ತರಲು ಹೋದಾಗ ಅದು ಅವಳ ಕಿವಿಗೂ ಬಿತ್ತು.

“ನೋಡ್ರಣ್ಣ, ಎಂಜಿನ್ ಒಂದು ಮನೆತನ, ಪಾರ್ಟ್ ಇನ್ನೊಂದು ಮನೆತನ. ಒಳಗೆ ಇಳ್ಕೊಂಡವೆ, ಒಂದ್ಕೊಂಡಿಲ್ಲ. ಅದ್ಕೇ ಮಂಗ್ಳಾರ ಮಂಗ್ಳಾರ ಜಗಳ.”

“ಮಂಗ್ಳಾರವೇ ಯಾಕ್ಲಾ?” ಎಂದು ಮರಿಯಯ್ಯ ಎಂಬ ಹಿರಿಯ ಕೇಳಿದ.

“ಮಂಗ್ಳಾರ ಅಂದ್ರೆ ಮೊದ್ಲೇ ಉಗ್ರ ಅಲ್ವಾ?”

ಕೂತಿದ್ದವರು ಹೌದೌದೆಂದು ಟೀ ಹೀರಿದರು. ಕಬ್ಬಿಣದ ಹೊಂದಾಣಿಕೆಯನ್ನು ಮದುವೆ ದಲ್ಲಾಳಿಯ ಮಾತಿನಲ್ಲಿ ವಿವರಿಸಿದವನನ್ನೂ ಅದಕ್ಕೆ ತಲೆಯಾಡಿಸಿದವರನ್ನೂ ಒಮ್ಮೆ ಸಾವಕಾಶವಾಗಿ ನೋಡಿ ಪುಷ್ಪಾ ಹಾಲಿನ ಪಾತ್ರೆ ಎತ್ತಿಕೊಂಡು ಹೊರಟಳು.

ಕಾರಣ ಅವಳಿಗೆ ಹೊಳೆದಿತ್ತು. ಅದನ್ನು ಹೇಳುವುದೇ ಕಷ್ಟವಾಗಿತ್ತು, ಏಕೆಂದರೆ ಅದು ಅಪ್ಪನ ಸೋಮವಾರವನ್ನು ಮುಟ್ಟುತ್ತಿತ್ತು. ಅವರ ಮನೆಯಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಶಿವನ ವಾರ, ಬಸವನಿಗೆ ಬಿಡುವು. ಕೊನೆಯ ಜೋಡಿ ಎತ್ತುಗಳನ್ನು ಮಾರಿ ಜೀಪು ತಂದಾಗ ಮಹದೇವಪ್ಪನವರು ಕೊಟ್ಟಿಗೆಯನ್ನೂ ವಾರದ ಬಿಡುವನ್ನೂ ಜೀಪಿಗೇ ವರ್ಗಾಯಿಸಿದ್ದರು. ಸೋಮವಾರ ಅದರ ಹಣೆಗೆ, ಎಂದರೆ ಬಾನೆಟ್ಟಿಗೆ, ವಿಭೂತಿ. ದೇವರ ಗೂಡಿನಲ್ಲಿಟ್ಟ ಕೀಲಿ ಮತ್ತೆ ಕೈಗೆ ಬರುವುದು ಮಂಗಳವಾರ ಸೂರ್ಯ ಹುಟ್ಟಿದ ಮೇಲೆ, ಏಕೆಂದರೆ ಅವರ ಲೆಕ್ಕದಲ್ಲಿ ಅಲ್ಲಿಯವರೆಗೂ ಸೋಮವಾರವೇ. ಅಷ್ಟು ಹೊತ್ತಿಗೆ ರೆಸಾರ್ಟಿನ ಅತಿಥಿಗಳು ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಗೇಟಿನಲ್ಲಿ ಕಾದಿರುತ್ತಿದ್ದರು.

ಊಟಕ್ಕೆ ಕೂತಾಗ ಪುಷ್ಪಾ ವಿಷಯ ತೆಗೆದಳು.

“ಅಪ್ಪ, ಲಿಫ್ಟರ್ ಒಳಗೆ ಎಣ್ಣೆ ನಿಂತಿದ್ರೆ ಸದ್ದಿಲ್ಲ. ಗಾಡಿ ತುಂಬಾ ಹೊತ್ತು ನಿಂತ್ರೆ ಆ ಎಣ್ಣೆ ಕೆಳಕ್ಕೆ ಇಳಿದೋಯ್ತದೆ. ಒಂದು ರಾತ್ರಿ ನಿಂತ್ರೆ ಪರವಾಗಿಲ್ಲ, ಸ್ಟಾರ್ಟ್ ಮಾಡಿದ ತಕ್ಷಣ ತುಂಬ್ಕೊತದೆ. ಸೋಮವಾರ ಪೂರ್ತಿ ನಿಂತ್ರೆ ಖಾಲಿಯಾಗಿ ಗಾಳಿ ಸೇರ್ಕೊತದೆ. ಆ ಗಾಳಿ ಹೊರಗೆ ಹೋಗೋವರೆಗೂ ಬಡ್ಕೊತದೆ. ಹೊಸ ಎಂಜಿನ್ನಲ್ಲಿ ಎಣ್ಣೆ ಇಳೀದಂಗೆ ತಡೆಯೋಕೆ ಒಂದು ಬಾಗಿಲು ಐತೆ. ನಮ್ಮದರಲ್ಲಿ ಅದಿಲ್ಲ, ಹಾಕೋಕೂ ಜಾಗ ಇಲ್ಲ.”

ಮಹದೇವಪ್ಪನವರು ಮುದ್ದೆ ಮುರಿಯುತ್ತಾ ಕೇಳಿಸಿಕೊಂಡರು. “ಅಂದ್ರೆ ರಜ ಕೊಟ್ಟಿದ್ಕೆ ಕೂಗಾಡ್ತದೆ ಅಂತೀಯ?”

“ನಿಂತಿದ್ದಕ್ಕೆ ಅಂತೀನಿ.”

“ಅಂಗಾರೆ ಸ್ವಾಮಾರ ಓಡುಸ್ಬೇಕು ಅಂತ ತಾನೆ ನೀನು ಯೋಳಾಕೆ ಒಂಟಿರೋದು?” ಬಸವಪ್ರಸಾದ ತಟ್ಟೆಯಿಂದ ಕೈಯೆತ್ತಿದ. “ಕಾರ್ತಿಕ ಸ್ವಾಮಾರ ಕಣಮ್ಮಿ! ಓದ್ಬುಟ್ಟವ್ಳೆ ಅಂತ ದೇವ್ರನ್ನೇ ಆಚೆ ಕಳುಸ್ತೀಯಾ? ನಮ್ ತಾತನ ಕಾಲದಿಂದ ಈ ಮನೇಲಿ ಸ್ವಾಮಾರ ಒಂದು ಗಾಲಿ ಉಳ್ಳಿಲ್ಲ.”

“ತಾತನ ಕಾಲದಲ್ಲಿ ಲಿಫ್ಟರೂ ಇರಲಿಲ್ಲ.”

“ನೋಡವ್ವ, ಎಂಗೆ ಬಾಯಿ ಮಾಡ್ತಾಳೆ!” ಅವನು ತಾಯಿಯ ಕಡೆ ತಿರುಗಿದ.

ಶಿವರುದ್ರಮ್ಮ ಇಬ್ಬರ ತಟ್ಟೆಗೂ ಸಾರು ಬಡಿಸಿ, “ಉಣ್ರಿ ಮೊದ್ಲು,” ಎಂದಳು. ಮಹದೇವಪ್ಪನವರು ಕೈ ತೊಳೆಯುತ್ತಾ ತೀರ್ಮಾನ ಹೇಳಿದರು: “ಸ್ವಾಮಾರ ಸ್ವಾಮಾರನೇ. ಬೇರೆ ಏನಾರ ದಾರಿ ನೋಡು ಮಗ.”

ಮರುವಾರ ಕೆ.ಆರ್. ನಗರದಲ್ಲಿ ನೆಂಟರ ಮಗುವಿಗೆ ನಾಮಕರಣವಿತ್ತು, ಸೋಮವಾರವೇ. ಜೀಪಿಗೆ ರಜೆಯಾದ್ದರಿಂದ ಅಪ್ಪ, ಅವ್ವ, ಪುಷ್ಪಾ ಬಸ್ಸು ಹಿಡಿದರು. ಬಸವಪ್ರಸಾದ ಮನೆಯಲ್ಲೇ ಉಳಿದ. ಕಾರ್ತಿಕ ಸೋಮವಾರದ ಪೂಜೆ ತಪ್ಪಬಾರದು ನೋಡಿ.

ಮಂಗಳವಾರ ಬೆಳಗ್ಗೆ ಪುಷ್ಪಾ ಗದ್ದಲಕ್ಕೆ ಮನಸ್ಸು ಗಟ್ಟಿಮಾಡಿಕೊಂಡು ಕೀಲಿ ತಿರುಗಿಸಿದಳು. ಎಂಜಿನ್ ಹೊತ್ತಿಕೊಂಡು ಗುಂಯ್ ಎಂದಿತು, ಸದ್ದಿಲ್ಲ. ಕೆರೆಯ ದಂಡೆಯಲ್ಲಿ ಅತಿಥಿಗಳು ಉಸಿರು ಬಿಗಿಹಿಡಿದು ಫೋಟೋ ತೆಗೆದರು. ಲಿಂಗರಾಜುವಿನ ಮುಖ ಅರಳಿತು. ಪುಷ್ಪಾಗೆ ಮಾತ್ರ ಸಂತೋಷವಾಗಲಿಲ್ಲ. ಕಾರಣ ತಿಳಿದ ಸದ್ದಿಗಿಂತ ಕಾರಣವಿಲ್ಲದ ಮೌನ ಅವಳನ್ನು ಹೆಚ್ಚು ಕಾಡಿತು. ತನ್ನ ತರ್ಕವೇ ತಪ್ಪೋ? ದಾರಿಯುದ್ದಕ್ಕೂ ಅದನ್ನೇ ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಪರೀಕ್ಷಿಸಿದಳು. ಬಿರುಕು ಕಾಣಲಿಲ್ಲ.

ಮನೆಗೆ ಬಂದಾಗ ಅಂಗಳದಲ್ಲಿ ಬಸವಪ್ರಸಾದ ಸಭೆ ನಡೆಸುತ್ತಿದ್ದ.

“ನಾನೇ ಮಾಡಿದ್ದು! ನಿನ್ನೆ ಗಾಡಿಗೆ ಕಾಯಿ ಒಡ್ದು, ನಾಕು ಗಾಲಿಗೂ ನಿಂಬೆಅಣ್ಣಿಟ್ಟು, ಅಪ್ಪಾ ಬಸವಣ್ಣ ಒಂದ್ಕೊಂಡೋಗಪ್ಪ ಅಂತ ಬೇಡ್ಕಂಡೆ. ಒಂದ್ಕತೋ ಇಲ್ವೋ? ಕೇಳ್ರಿ ಅವಳ್ನೇ!”

“ಸದ್ದಿತ್ತಾ ಮಗ?” ಎಂದು ಮಹದೇವಪ್ಪನವರು ಕೇಳಿದರು.

“ಇರಲಿಲ್ಲ,” ಎಂದಳು ಪುಷ್ಪಾ. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಸಂಜೆಯೊಳಗೆ ಬಸವಪ್ರಸಾದ ಊರಿನ ಎಂಜಿನ್ ತಜ್ಞನಾಗಿದ್ದ. ಟ್ರ್ಯಾಕ್ಟರಿನ ಹೊಗೆಗೆ, ಬೈಕಿನ ಕೆಮ್ಮಿಗೆ, ಮೋಟಾರಿನ ನಡುಕಕ್ಕೆ ಜನ ಅವನನ್ನು ಹುಡುಕಿಕೊಂಡು ಬಂದರು. ಅವನು ಬಾನೆಟ್ಟು ತೆರೆಯುತ್ತಲೂ ಇರಲಿಲ್ಲ. ಮೇಲಿನಿಂದಲೇ ಮುಟ್ಟಿ ನಿಂಬೆಹಣ್ಣಿನ ಸಂಖ್ಯೆ ಹೇಳುತ್ತಿದ್ದ. ಕಿರಣ್‌ಕುಮಾರ್ ಕೂಡ ಫೋನ್ ಮಾಡಿ, “ಅದೇನ್ ಪೂಜೆ ಅಂತ ಸ್ವಲ್ಪ ಯೋಳಣ್ಣ,” ಎಂದನಂತೆ. ರಟ್ಟಿನ ಚೀಟಿಯಿಂದ ನಿಂಬೆಹಣ್ಣಿಗೆ ಬಡ್ತಿ ಸಿಕ್ಕಿತೆಂದುಕೊಂಡಳು ಪುಷ್ಪಾ.

ಮುಂದಿನ ಸೋಮವಾರ ಎಲ್ಲರೂ ಮನೆಯಲ್ಲೇ ಇದ್ದರು. ಪೂಜೆ ಹಿಂದಿನದಕ್ಕಿಂತ ಜೋರಾಗಿ, ಅಕ್ಕಪಕ್ಕದವರ ಎದುರಿಗೆ ನಡೆಯಿತು. ನಿಂಬೆಹಣ್ಣು ಈ ಸಲ ಸ್ಟೆಪ್ನಿಗೂ ಸಿಕ್ಕಿತು. ಜೀಪು ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಮಂಗಳವಾರ ಬೆಳಗ್ಗೆ ಅದು ಇಡೀ ಊರನ್ನೇ ಎಬ್ಬಿಸಿತು.

ಲಿಂಗರಾಜು ಈ ಸಲ ನಗಲಿಲ್ಲ. “ಮೇಡಮ್, ಒಂದು ವಾರ ಮೌನ, ಒಂದು ವಾರ ತಮಟೆ. ನಾನು ಗೆಸ್ಟ್‌ಗಳಿಗೆ ಏನು ಅಂತ ಹೇಳಲಿ? ಎಚ್.ಡಿ. ಕೋಟೆಯವರೊಬ್ಬರು ಹೊಸ ಗಾಡಿ ಇಟ್ಟುಕೊಂಡು ಕೇಳ್ತಾ ಇದ್ದಾರೆ. ಬರೋ ಮಂಗಳವಾರ ನಾನೇ ಬಂದು ಕೂತ್ಕೊತೀನಿ. ಅವತ್ತೂ ಇದೇ ಆದ್ರೆ ದಯವಿಟ್ಟು ಬೇಜಾರು ಮಾಡ್ಕೋಬೇಡಿ.”

ಕೆರೆಯಿಂದ ಮನೆಗೆ ಬರುವ ದಾರಿಯಲ್ಲಿ, ಎಂಜಿನ್ನಿನ ಸದ್ದು ಎಂದಿನಂತೆ ಅಡಗುತ್ತಿದ್ದಾಗ, ಅವಳಿಗೆ ವಿಷಯ ತಿಳಿಯಿತು. ತನ್ನ ತರ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು, ನಾಮಕರಣದ ಸೋಮವಾರ ಜೀಪು ನಿಂತಿತ್ತೆಂದು ನಂಬಿದ್ದರಲ್ಲಿ. ಆ ನಂಬಿಕೆಗೆ ಇದ್ದ ಏಕೈಕ ಆಧಾರ ಅಣ್ಣನ ಭಕ್ತಿ. ಇಷ್ಟು ದುರ್ಬಲವಾದ ಆಧಾರದ ಮೇಲೆ ತಾನು ಒಂದು ವಾರ ತಲೆ ಕೆಡಿಸಿಕೊಂಡೆನಲ್ಲ ಎಂದು ಅವಳಿಗೆ ತನ್ನ ಮೇಲೇ ತಾತ್ಸಾರ ಹುಟ್ಟಿತು.

ಅಪ್ಪ ಜಗಲಿಯ ಮೇಲೆ ಕೂತಿದ್ದರು. ಬಸವಪ್ರಸಾದ ಕಂಬಕ್ಕೊರಗಿ, ನಿಂಬೆಹಣ್ಣಿನಲ್ಲೇ ಏನೋ ದೋಷವಿದ್ದಿರಬೇಕೆಂದು ಅವ್ವನಿಗೆ ವಿವರಿಸುತ್ತಿದ್ದ.

“ಅಣ್ಣ,” ಎಂದಳು ಪುಷ್ಪಾ ಚಪ್ಪಲಿ ಬಿಡುತ್ತಾ, “ನಾವು ಕೆ.ಆರ್. ನಗರಕ್ಕೆ ಹೋದ ದಿನ ಜೀಪು ಎಲ್ಲಿಗೆ ಹೋಗಿತ್ತು?”

“ಎಲ್ಲಿಗೋಯ್ತದೆ? ಕೊಟ್ಟಿಗೇಲಿತ್ತು.”

“ಕೊಟ್ಟಿಗೇಲಿ ಇದ್ದಿದ್ರೆ ಮಂಗಳವಾರ ಬಡ್ಕೋಬೇಕಿತ್ತು. ಬಡ್ಕೊಳ್ಳಲಿಲ್ಲ.”

“ಪೂಜೆ ಮಾಡಿದ್ನಲ್ಲಮ್ಮಿ!”

“ನಿನ್ನೆಯೂ ಮಾಡ್ದೆ. ಕಾಯಿ ಒಡ್ದೆ, ಊದುಬತ್ತಿ ಹಚ್ದೆ, ಸ್ಟೆಪ್ನಿಗೂ ಕೈ ಮುಗ್ದೆ. ಇವತ್ತು ಬಡ್ಕೊತು. ಎರಡು ಸೋಮವಾರಕ್ಕೂ ವ್ಯತ್ಯಾಸ ಒಂದೇ ಅಣ್ಣ. ನಿನ್ನೆ ನಾವು ಮನೇಲಿದ್ವಿ.”

ಶಿವರುದ್ರಮ್ಮ ಮೊರವನ್ನು ಕೆಳಗಿಟ್ಟಳು. ಮಹದೇವಪ್ಪನವರು ಮಗನನ್ನು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಅವನು ತಪ್ಪಿಸಿಕೊಳ್ಳುತ್ತಿದ್ದನೇನೋ.

“ಎಲ್ಲಿಗ್ಲಾ?” ಎಂದರು ಅವರು.

“ಅದು… ಕಂಪಲಾಪುರದಲ್ಲಿ ಚಂದು ಕರ್ದಿದ್ದ. ಸುಮ್ನೆ ಒಂದೀಟು ಇಸ್ಪೀಟು. ಓಗಿ ಬಂದ್ಮೇಲೇ ಪೂಜೆ ಮಾಡ್ದೆ ಕಣಪ್ಪ, ನಿಜವಾಗ್ಲೂ ಮಾಡ್ದೆ.” ಅವನ ದನಿ ಇಳಿಯಿತು, ಆದರೆ ಇಳಿದಲ್ಲಿಯೇ ಇರುವ ಸ್ವಭಾವ ಅದಕ್ಕಿರಲಿಲ್ಲ. “ಅದ್ರಾಗೇನ್ ತೆಪ್ಪಾಯ್ತು ಈಗ? ಲೋಡೇನ್ ಆಕಿದ್ನಾ? ಖಾಲಿ ಗಾಡಿ! ಒಬ್ನೇ ಕೂತ್ಕಂಡು ಓಗಿ ಒಬ್ನೇ ಬಂದಿವ್ನಿ. ನೊಗ ಕಟ್ದಂಗಾಯ್ತಾ?”

ಇಷ್ಟು ದರಿದ್ರವಾದ ಸಮರ್ಥನೆಯನ್ನು ಪುಷ್ಪಾ ಈವರೆಗೆ ಕೇಳಿರಲಿಲ್ಲ. ತಾತನ ಕಾಲದಿಂದ ಗಾಲಿ ಉರುಳಿಲ್ಲವೆಂದು ಕೈಯೆತ್ತಿ ಸಾರಿದ ಬಾಯಿಯೇ ಇದು. ಅವಳು ಉತ್ತರಿಸುವಷ್ಟರಲ್ಲಿ ಮಹದೇವಪ್ಪನವರು ಕೈ ಅಡ್ಡ ಹಿಡಿದರು. ಅವರು ಮಗನ ಮೇಲಿನ ದೃಷ್ಟಿ ತೆಗೆದು ಕೊಟ್ಟಿಗೆಯ ಕಡೆ ನೋಡುತ್ತಿದ್ದರು.

“ಸ್ವಾಮಾರ ಎತ್ತುಗಳನ್ನ ನಾವು ಕಟ್ಟಾಕಿರ್ತಿರ್ನಿಲ್ಲ,” ಎಂದರು ನಿಧಾನವಾಗಿ. “ಕೆರೆಗೆ ಒಡ್ಕಂಡೋಗಿ, ಮೈ ತೊಳ್ದು, ನೀರು ಕುಡ್ಸಿ ಒಡ್ಕಂಡ್ ಬತ್ತಿದ್ವಿ. ನೊಗ ಮುಟ್ಟುಸ್ತಿರ್ನಿಲ್ಲ, ಅಷ್ಟೆಯ. ಅಲ್ವೇನೆ?”

“ಊಂ ಮತ್ತೆ,” ಎಂದಳು ಶಿವರುದ್ರಮ್ಮ. “ನಿಂತಲ್ಲೇ ನಿಲ್ಸುದ್ರೆ ಎತ್ತಿನ ಕಾಲು ಇಡ್ಕತಿರ್ನಿಲ್ವಾ?”

“ಇದ್ನೂ ಅಂಗೇ ನೀರಿಗೆ ಬುಡ್ಬೇಕಾಗಿತ್ತು. ನಾನು ಕಟ್ಟಾಕ್ಬುಟ್ಟೆ.” ಅವರು ಪುಷ್ಪಾಳ ಕಡೆ ತಿರುಗಿದರು. “ಲೋಡು ಬ್ಯಾಡ, ಬಾಡಿಗೆ ಬ್ಯಾಡ. ಕೆರೆಗಂಟ ಓಗಿ ಬಂದ್ರೆ ನಿನ್ ಎಣ್ಣೆಗೆ ಸಾಕಾ ಮಗ?”

ವಾರಗಟ್ಟಲೆ ಪುಷ್ಪಾ ಆ ನಿಯಮವನ್ನು ಮುರಿಯುವ ದಾರಿ ಹುಡುಕಿದ್ದಳೇ ಹೊರತು, ನಿಯಮ ನಿಜವಾಗಿ ಏನು ಹೇಳುತ್ತದೆಂದು ಕೇಳಿರಲಿಲ್ಲ. “ಸಂಜೆ ಹೊತ್ತು ಹೋಗಿ ಬಂದ್ರೆ ಸಾಕಪ್ಪ,” ಎಂದಳು.

“ಅಂಗೇ ಮಾಡಾಣ. ತೊಳ್ಯಾದು ಇವ್ನು.”

ಸೋಮವಾರ ಸಂಜೆ ಜೀಪು ಕೊಟ್ಟಿಗೆಯಿಂದ ಹೊರಬಂತು. ಪುಷ್ಪಾ ಓಡಿಸಿದಳು, ಪಕ್ಕದಲ್ಲಿ ಮಹದೇವಪ್ಪನವರು ಪಂಚೆ ಮೇಲೆತ್ತಿ ಕಟ್ಟಿ ಕೂತಿದ್ದರು, ಹಿಂದೆ ಬಕೆಟ್ಟನ್ನೂ ತೆಂಗಿನ ನಾರನ್ನೂ ಹಿಡಿದು ಬಸವಪ್ರಸಾದ. ಶಿವರುದ್ರಮ್ಮ ಬಾಗಿಲಿಗೆ ಬಂದು, “ನಿಂಬೆಅಣ್ಣು?” ಎಂದಳು.

“ಈ ಸಲ ಬ್ಯಾಡ,” ಎಂದರು ಮಹದೇವಪ್ಪನವರು.

ಹೋಟೆಲಿನ ಮುಂದೆ ಮರಿಯಯ್ಯ ಎದ್ದು ನಿಂತ. “ಏನ್ರೀ ಮಾದೇವಪ್ನೋರೇ, ಸ್ವಾಮಾರ ಗಾಡಿ ಕಟ್ಬುಟ್ರಿ?”

“ಕಟ್ನಿಲ್ಲ ಕಣೋ. ನೀರಿಗೆ ಒಡ್ಕಂಡೋಯ್ತಾವ್ನಿ.”

ಹೋಟೆಲಿನ ಜನ ಇದನ್ನೂ ಹೌದೌದೆಂದು ಒಪ್ಪಿಕೊಂಡರು. ಅವರಿಗೆ ಒಪ್ಪಿಗೆಯಾಗದ ವಿವರಣೆ ಎಂಬುದು ಇನ್ನೂ ಹುಟ್ಟಿರಲಿಲ್ಲ. ಜೀಪನ್ನು ಇಳಿಸಿ ನಿಲ್ಲಿಸಿದ ಕೆರೆಯಂಚಿನಲ್ಲಿ ಬಸವಪ್ರಸಾದ ಮಂಡಿಯವರೆಗೆ ನೀರಿನಲ್ಲಿ ನಿಂತು ನಾಲ್ಕು ಗಾಲಿಗಳನ್ನೂ ಉಜ್ಜಿದ. ಪ್ರತಿ ಗಾಲಿಗೂ ಮಹದೇವಪ್ಪನವರು ಬಗ್ಗಿ ನೋಡಿ, “ಇನ್ನೊಂದ್ಕಿತ,” ಎನ್ನುತ್ತಿದ್ದರು.

ಮಂಗಳವಾರ ಸೂರ್ಯ ಹುಟ್ಟಿದ ಮೇಲೆ ಪುಷ್ಪಾ ಕೀಲಿ ತಿರುಗಿಸಿದಳು. ರೆಸಾರ್ಟಿನ ಗೇಟಿನಲ್ಲಿ ಲಿಂಗರಾಜು ಮುಂದಿನ ಸೀಟಿಗೆ ಹತ್ತಿ, ಕೆರೆಯ ದಂಡೆಯವರೆಗೂ ಎಂಜಿನ್ನಿಗೆ ಕಿವಿಗೊಟ್ಟು ಕೂತ. ಅಲ್ಲಿ ಜೀಪು ನಿಂತಾಗ ಬೆಳ್ಳಕ್ಕಿಗಳು ಕುತ್ತಿಗೆ ಎತ್ತಿ ನೋಡಿ, ಮತ್ತೆ ಕೆಸರಿಗೆ ಕೊಕ್ಕು ಹಾಕಿದವು. ಹಿಂದೆ ಕೂತಿದ್ದ ಅತಿಥಿಗಳು ಒಬ್ಬರಿಗೊಬ್ಬರು ಸನ್ನೆ ಮಾಡಿಕೊಂಡರು. ಲಿಂಗರಾಜು ಅವಳ ಕಡೆ ಬಾಗಿ ಪಿಸುಗುಟ್ಟಿದ: “ಎಚ್.ಡಿ. ಕೋಟೆಯವರಿಗೆ ಬೇಡ ಅಂತ ಹೇಳಿಬಿಡ್ತೀನಿ ಮೇಡಮ್. ಇನ್ಮೇಲೆ ಖಾಯಂ ನಿಮ್ಮದೇ ಗಾಡಿ.”

ಅದರ ಮುಂದಿನ ಸೋಮವಾರವೂ ಜೀಪು ಕೆರೆಗೆ ಹೋಯಿತು, ಅದರಾಚೆಯ ಸೋಮವಾರವೂ ಹೋಯಿತು. ಹೋಟೆಲಿನಲ್ಲಿ ಬಸವಪ್ರಸಾದ, ಕೆರೆಯ ನೀರಿನಲ್ಲೇ ಒಂದು ಗುಣವಿದೆಯೆಂದೂ ಅದು ಗಾಲಿಯ ಮೂಲಕ ಎಂಜಿನ್ನಿಗೆ ಏರುತ್ತದೆಂದೂ ವಿವರಿಸತೊಡಗಿದ್ದ. ಪುಷ್ಪಾ ಅದನ್ನು ತಿದ್ದಲು ಹೋಗಲಿಲ್ಲ. ಅವಳ ಪಾಲಿಗೆ ವಿಷಯ ಇತ್ಯರ್ಥವಾಗಿತ್ತು: ಹೊಸ ಆವೃತ್ತಿಯ ಲಿಫ್ಟರುಗಳನ್ನು ಹಾಕಿದ ಈ ಹಳೆಯ ಎಂಜಿನ್, ಸೋಮವಾರ ಓಡಿದ್ದರೆ ಮಂಗಳವಾರ ಸದ್ದು ಮಾಡುವುದಿಲ್ಲ, ನಿಂಬೆಹಣ್ಣು ಇಟ್ಟ ವಾರಕ್ಕೂ ಇಡದ ವಾರಕ್ಕೂ ಈ ವಿಷಯದಲ್ಲಿ ಯಾವ ವ್ಯತ್ಯಾಸವೂ ಕಂಡುಬಂದಿಲ್ಲ.